ಆ ಗುರುವಾರ ಬಾರದ ಫೋನು

1996ರ ಮಳೆಗಾಲದ ಒಂದು ಗುರುವಾರ ನಾನು ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಏಳೂವರೆಯವರೆಗೆ ಒಂದು ಟೆಲಿಫೋನಿನ ಮುಂದೆ ಕುಳಿತಿದ್ದೆ. ಊಟದ ಡಬ್ಬಿಯನ್ನೂ ಅಲ್ಲಿಯೇ ಬಿಚ್ಚಿದೆ. ಎದ್ದು ಹೋಗಲೇಬೇಕಾದಾಗ ಪಕ್ಕದ ಮೇಜಿನ ಹುಡುಗನನ್ನು ಕೂರಿಸಿ ಹೋದೆ. ಫೋನು ಹಲವು ಸಲ ಬಡಿದುಕೊಂಡಿತು. ನಾನು ಕಾಯುತ್ತಿದ್ದ ಕರೆ ಮಾತ್ರ ಬರಲಿಲ್ಲ.

ಬೆಂಗಳೂರಿನ ಒಂದು ಸಿದ್ಧ ಉಡುಪು ಕಾರ್ಖಾನೆಯಲ್ಲಿ ನನಗೆ ಆಗ ಪತ್ರವ್ಯವಹಾರದ ಕೆಲಸ. ವಿದೇಶದ ಬೈಯರ್‌ಗಳಿಂದ ಬರುವ ಫ್ಯಾಕ್ಸ್‌ಗಳನ್ನು ಓದಿ, ಅದರಲ್ಲಿ ಏನಿದೆ ಎಂದು ಪ್ರೊಡಕ್ಷನ್ ಮ್ಯಾನೇಜರಿಗೂ ಕಟಿಂಗ್ ಮಾಸ್ಟರಿಗೂ ಕನ್ನಡದಲ್ಲಿ ತಿಳಿಸಬೇಕು, ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕು. ಕಾಲರಿನ ಅಳತೆ, ಗುಂಡಿಯ ಬಣ್ಣ, ಶಿಪ್‌ಮೆಂಟಿನ ತಾರೀಕು ಇವೆಲ್ಲ ನನಗೆ ಕರಗತವಾಗಿದ್ದವು. ಆ ವಾರ ಇಂಗ್ಲೆಂಡಿನಿಂದ ಬೈಯರ್ ಕಡೆಯವರೊಬ್ಬರು ಬಂದು ಮೂರು ನಾಲ್ಕು ಕಾರ್ಖಾನೆಗಳನ್ನು ನೋಡುವವರಿದ್ದರು. ನಮ್ಮಲ್ಲಿಗೆ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಕೇಳಿ ನಾನು ಬರೆದಿದ್ದೆ. ಅವರು ಇಳಿದುಕೊಂಡಿದ್ದ ಹೋಟೆಲಿನಿಂದ ಬಂದ ಉತ್ತರ ಮೂರೇ ಸಾಲು. ಗುರುವಾರ ಬರುವ ಯೋಚನೆ ಇದೆ, ಆದರೆ ‘ಪ್ಲೇ ಇಟ್ ಬೈ ಇಯರ್’ ಎಂದಿತ್ತು ಅದರಲ್ಲಿ.

ಆ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಚೇರಿಯ ನಿಘಂಟಿನಲ್ಲಿ ‘ಇಯರ್’ ಎಂಬಲ್ಲಿ ಮೊದಲು ಕಿವಿ ಎಂದೂ ಅದರ ಕೆಳಗೆ ತೆನೆ ಎಂದೂ ಇತ್ತು. ಕಿವಿಯಿಂದ ಆಗುವ ಕೆಲಸ ಎಂದರೆ ಫೋನಿನದ್ದೇ ಇರಬೇಕು ಎಂದುಕೊಂಡೆ. ಗುರುವಾರ ಫೋನು ಮಾಡಿ ಬರುತ್ತಾರೆ ಎಂದು ಮ್ಯಾನೇಜರಿಗೆ ತಿಳಿಸಿದೆ. ಸ್ಯಾಂಪಲ್ ವಿಭಾಗದ ಹನ್ನೊಂದು ಹೆಂಗಸರಿಗೆ, ಬೈಯರ್ ಬಂದು ಹೋಗುವವರೆಗೆ ಯಾರೂ ಹೊರಡುವ ಹಾಗಿಲ್ಲ ಎಂದು ಅವರು ಹೇಳಿದರು. ಅಂಗಿ ನೋಡುತ್ತಾ ಅಲ್ಲಿಯೇ ಒಂದು ಹೊಲಿಗೆ ಬಿಚ್ಚಿ ಬೇರೆ ರೀತಿ ಹಾಕಿ ತೋರಿಸಿ ಎಂದು ಬೈಯರ್‌ಗಳು ಕೇಳುವುದು ಮಾಮೂಲು. ಅದಕ್ಕೆ ಕೈ ಬೇಕು.

ಪಾಳಿ ಮುಗಿಯುವುದು ಐದೂವರೆಗೆ. ಏಳೂವರೆಯವರೆಗೆ ಆ ಹನ್ನೊಂದು ಜನ ಮಷಿನುಗಳ ಮುಂದೆ ಸುಮ್ಮನೆ ಕುಳಿತಿದ್ದರು. ಅವರಲ್ಲಿ ಒಬ್ಬಾಕೆಗೆ ಎಂಟು ತಿಂಗಳ ಕೂಸು. ಆರು ಗಂಟೆಯ ಮೇಲೆ ಆಕೆ ಎರಡು ಸಲ ನನ್ನ ಮೇಜಿನ ಹತ್ತಿರ ಬಂದು, “ಅಕ್ಕಾ, ಫೋನು ಬಂತೇ?” ಎಂದು ಕೇಳಿದಳು. ಮೂರನೆಯ ಸಲ ಬಾಗಿಲಿನಲ್ಲಿಯೇ ನಿಂತು ನನ್ನ ಮುಖ ನೋಡಿ ಹಿಂದಿರುಗಿದಳು.

ಶುಕ್ರವಾರ ಹನ್ನೊಂದು ಗಂಟೆಗೆ ಆ ಮನುಷ್ಯರು ಬಂದರು. ಹಸನ್ಮುಖಿ, ಮೃದುವಾದ ಮಾತು. ನಿನ್ನೆ ಕಾದೆವು ಎಂದು ನಾನು ಹೇಳಿದಾಗ ನಿಜವಾಗಿಯೂ ಬೆಚ್ಚಿದರು. ನಾವೇನೂ ಗಟ್ಟಿ ಮಾಡಿರಲಿಲ್ಲವಲ್ಲ, ಇನ್ನೊಂದು ಕಡೆ ತಡವಾಯಿತು, ಎಂದು ಕ್ಷಮೆ ಕೇಳಿದರು. ಅವರ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ಮೊದಲೇ ಗಟ್ಟಿ ಮಾಡದೆ, ಆ ಹೊತ್ತಿಗೆ ಹೇಗೋ ಹಾಗೆ ನೋಡಿಕೊಳ್ಳೋಣ ಎಂಬುದು ಆ ಮಾತಿನ ಅರ್ಥ. ಅವರ ಭಾಷೆಯಲ್ಲಿ ಅವರು ಸರಿಯಾಗಿಯೇ ಬರೆದಿದ್ದರು. ಆದರೆ ಆ ಎರಡು ಗಂಟೆಗೆ ಹನ್ನೊಂದು ಜನರ ಕಾರ್ಡಿನಲ್ಲಿ ಓವರ್‌ಟೈಮ್ ಬರೆಯಲಿಲ್ಲ. ಅವರು ಹೊಲಿದಿರಲಿಲ್ಲ, ಕಾದಿದ್ದರು ಅಷ್ಟೆ ಎಂಬುದು ಲೆಕ್ಕದವರ ವಾದ.

ಆ ಫ್ಯಾಕ್ಸ್ ಹಾಳೆಯನ್ನು ನಾನು ಬಹಳ ವರ್ಷ ಇಟ್ಟುಕೊಂಡಿದ್ದೆ. ಶಾಖದಿಂದ ಅಕ್ಷರ ಮೂಡಿಸುವ ಆ ಕಾಗದದ ಬರಹ ಬರಬರುತ್ತಾ ಮಾಸುತ್ತದೆ. ಕೊನೆಗೆ ನೋಡಿದಾಗ ಸುರುಳಿ ಸುತ್ತಿಕೊಂಡ ಕಂದು ಹಾಳೆಯಲ್ಲಿ ಏನೂ ಇರಲಿಲ್ಲ. ಮಾತು ಮಾತ್ರ ನನ್ನೊಳಗೆ ಉಳಿಯಿತು. ಅಲ್ಲಿಂದ ಈಚೆಗೆ ಎಲ್ಲಿ ಆ ನುಡಿಗಟ್ಟು ಕಂಡರೂ ನಿಂತು ನೋಡುತ್ತೇನೆ. ಯಾರು ಬರೆದದ್ದು, ಯಾರಿಗೆ, ಯಾವುದರ ಬಗ್ಗೆ ಎಂದು. ಮೂವತ್ತು ವರ್ಷ ಹೀಗೆ ನೋಡಿದ್ದರಿಂದ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾತು ಸಂಗೀತದಿಂದ ಬಂದದ್ದು. ಬರೆದಿಟ್ಟ ಸ್ವರಗಳನ್ನು ನೋಡದೆ, ಕೇಳಿದ್ದನ್ನು ಕೇಳಿದ ಹಾಗೆ ವಾದ್ಯದಲ್ಲಿ ನುಡಿಸುವುದು. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಜಾನ್ ಪ್ಲೇಫೋರ್ಡ್ ಎಂಬ ಸಂಗೀತ ಪ್ರಕಾಶಕನಿದ್ದ. ಮನೆಯಲ್ಲಿ ಕುಳಿತು ಕಲಿಯುವವರಿಗೆಂದು ಅವನು ಅಚ್ಚು ಹಾಕಿಸಿದ ಕೈಪಿಡಿಯ 1658ರ ಮುದ್ರಣದಲ್ಲಿ, ಪುಸ್ತಕವಿಲ್ಲದೆ ಬಾಯಿಪಾಠದಿಂದಲೋ ಕಿವಿಯಿಂದಲೋ ನುಡಿಸಲು ಕಲಿಯುವ ಮಾತು ಬರುತ್ತದೆ. ಆಮೇಲೆ ಬಹುಕಾಲ ಆ ಮಾತಿಗೆ ಇದೊಂದೇ ಅರ್ಥ. ಅದರಲ್ಲಿ ಸ್ವಲ್ಪ ತಾತ್ಸಾರವೂ ಸೇರಿಕೊಂಡಿತು. 1839ರಲ್ಲಿ ಎಡಿನ್‌ಬರೋ ರಿವ್ಯೂ ಪತ್ರಿಕೆಯ ವಿಮರ್ಶಕರೊಬ್ಬರು ಇಬ್ಬರು ಲೇಖಕಿಯರನ್ನು ಹೋಲಿಸುತ್ತಾ, ಜೇನ್ ಆಸ್ಟೆನ್ ಕಿವಿಯಿಂದ ನುಡಿಸುವವಳ ಹಾಗೆ, ಹ್ಯಾರಿಯೆಟ್ ಮಾರ್ಟಿನೋಗೆ ಶಾಸ್ತ್ರ ತಿಳಿದಿದೆ ಎಂದು ಬರೆದರು. ಇಂದು ಯಾರನ್ನು ಹೆಚ್ಚು ಜನ ಓದುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಅದನ್ನು ಓದಿದಾಗ ನನಗೆ ನೆನಪಾದದ್ದು ಅದಕ್ಕೂ ಸಾವಿರ ವರ್ಷ ಹಿಂದೆ, ಒಂಬತ್ತನೆಯ ಶತಮಾನದಲ್ಲಿ, ಕವಿರಾಜಮಾರ್ಗದಲ್ಲಿ ನಮ್ಮ ನಾಡವರ ಬಗ್ಗೆ ಹೇಳಿದ ಮಾತು: ‘ಕುರಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್’. ಓದದೆ ಕಾವ್ಯ ಬಲ್ಲವರು ಎಂದರೆ ಕಿವಿಯಿಂದ ಬಲ್ಲವರು. ಅಲ್ಲಿ ತಾತ್ಸಾರದ ಸುಳಿವಿಲ್ಲ, ಹೆಮ್ಮೆ ಇದೆ.

ಮಾತು ಸಂಗೀತವನ್ನು ಬಿಟ್ಟು ಹೊರಗೆ ಬಂದದ್ದು 1930ರ ದಶಕದ ಅಮೆರಿಕದಲ್ಲಿ, ಪತ್ರಿಕೆಗಳ ಕ್ರೀಡಾಪುಟಗಳ ಮೂಲಕ. ಮೊದಲೇ ಗೆರೆ ಎಳೆದಿಟ್ಟ ಹಾಗೆ ಆಡದೆ, ಆಟ ಸಾಗಿದಂತೆ ಆಡುವುದು ಎಂಬ ಅರ್ಥದಲ್ಲಿ. ಅಲ್ಲಿಂದ ಅದು ಎಲ್ಲರ ಪತ್ರಗಳಿಗೂ ನುಗ್ಗಿತು. ದಾರಿಯಲ್ಲಿ ‘ಇಟ್’ ಎಂಬ ಪುಟ್ಟ ಪದವೂ ನಡುವೆ ಸೇರಿಕೊಂಡಿತು. ಆ ಪದವನ್ನು ನಾನು ಬಹಳ ದಿನ ದಿಟ್ಟಿಸಿ ನೋಡಿದ್ದೇನೆ. ಅದು ಯಾವುದು? ಭೇಟಿಯೇ, ಹಣವೇ, ಸಂಬಳವೇ? ಕಿವಿ ಯಾರದು? ನನ್ನದೋ ನಿನ್ನದೋ? ಇಂಗ್ಲಿಷ್ ನುಡಿಗಟ್ಟು ಎರಡನ್ನೂ ಹೇಳದೆ ಉಳಿಸುತ್ತದೆ. ಕನ್ನಡದಲ್ಲಿ ಹಾಗೆ ತಪ್ಪಿಸಿಕೊಳ್ಳುವುದು ಕಷ್ಟ. ನೋಡಿ ಹೇಳುತ್ತೇನೆ ಎಂದರೆ ಹೇಳುವ ಹೊಣೆ ನನ್ನದು. ನೋಡಿ ಹೇಳಿ ಎಂದರೆ ನಿಮ್ಮದು. ಕ್ರಿಯಾಪದದ ಬಾಲದಲ್ಲಿಯೇ ಹೊಣೆಗಾರ ನಿಂತಿರುತ್ತಾನೆ.

ನಿತ್ಯದ ಬರವಣಿಗೆಯಲ್ಲಿ ಈ ಮಾತು ಎರಡು ದಿಕ್ಕಿಗೆ ಹರಿಯುತ್ತದೆ. ಒಂದು, ಎದುರಿನವರಿಗೆ ಸಡಿಲ ಕೊಡುವುದು. ಕೆಲವು ವರ್ಷಗಳ ಹಿಂದೆ ನನಗೆ ಶಸ್ತ್ರಚಿಕಿತ್ಸೆ ಆಗಿತ್ತು. ಹಳೆಯ ಸಹೋದ್ಯೋಗಿಯ ಮಗಳ ಮದುವೆ ಮೂರು ವಾರ ಆಚೆಗಿತ್ತು. ಆಕೆ ಬರೆದ ಸಂದೇಶದಲ್ಲಿ ಇದೇ ನುಡಿಗಟ್ಟು ಇತ್ತು: ಆ ದಿನ ಬೆಳಿಗ್ಗೆ ನಿಮ್ಮ ಮೈ ಏನು ಹೇಳುತ್ತದೋ ಹಾಗೆ ಮಾಡಿ, ಬಂದರೆ ಸಂತೋಷ, ಬಾರದಿದ್ದರೆ ಬೇಸರವಿಲ್ಲ, ಎಂಬ ಅರ್ಥದಲ್ಲಿ. ಓದಿ ನನ್ನ ಹೆಗಲಿನಿಂದ ಏನೋ ಇಳಿದ ಹಾಗಾಯಿತು. ಅಲ್ಲಿ ಕಿವಿ ನನ್ನದು, ನಿರ್ಧಾರ ನನ್ನದು, ನನ್ನ ನಿರ್ಧಾರಕ್ಕಾಗಿ ಒಂದು ಎಲೆ ಖಾಲಿ ಇಡುವ ನಷ್ಟ ಅವಳದು. ತನ್ನ ನಷ್ಟದಿಂದ ನನಗೆ ಅನುಕೂಲ ಮಾಡಿಕೊಟ್ಟಳು.

ಇನ್ನೊಂದು ದಿಕ್ಕು ತಿರುಗುಮುರುಗು. ಬರೆಯುವವರು ಸಡಿಲವನ್ನು ತಮ್ಮ ಬಳಿ ಇಟ್ಟುಕೊಳ್ಳುತ್ತಾರೆ. ರಜೆ ಕೇಳಿದ ನೌಕರನಿಗೆ ಮೇಲಧಿಕಾರಿ, ದುಡ್ಡು ಕೇಳಿದ ಸಣ್ಣ ಸರಬರಾಜುದಾರನಿಗೆ ದೊಡ್ಡ ಕಂಪನಿ, ಬಾಡಿಗೆ ಕರಾರು ಮುಂದುವರಿಯುವುದೇ ಎಂದು ಕೇಳಿದವರಿಗೆ ಮನೆಯ ಮಾಲೀಕ. ಅದೇ ಮಾತು, ಅದೇ ಹಗುರ ಸ್ವರ. ಆದರೆ ಇಲ್ಲಿ ಒಬ್ಬರು ಹಗುರಾದಷ್ಟೂ ಇನ್ನೊಬ್ಬರಿಗೆ ಭಾರ. ರಜೆ ಕೇಳಿದವನು ರೈಲಿನ ಟಿಕೆಟ್ ತೆಗೆಯುವಂತಿಲ್ಲ, ಊರಿನಲ್ಲಿ ಕಾಯುವ ತಾಯಿಗೆ ಏನೂ ಹೇಳುವಂತಿಲ್ಲ. ಅವನು ಅದೇ ಮಾತನ್ನು ತಿರುಗಿ ಅಧಿಕಾರಿಗೆ ಬರೆದರೆ, ಸೋಮವಾರ ಬರುವುದನ್ನು ಆಮೇಲೆ ನೋಡೋಣ ಎಂದರೆ, ಅದು ಉದ್ಧಟತನವಾಗುತ್ತದೆ. ನನ್ನ ಅನುಭವದಲ್ಲಿ ಈ ನುಡಿಗಟ್ಟು ಮೇಲಿನಿಂದ ಕೆಳಕ್ಕೆ ಇಳಿದಷ್ಟು ಸಲೀಸಾಗಿ ಕೆಳಗಿನಿಂದ ಮೇಲಕ್ಕೆ ಏರಿದ್ದಿಲ್ಲ.

ಇವೆರಡರ ನಡುವೆ ‘ನಾವು’ ಎಂದು ಬರೆಯುವವರಿದ್ದಾರೆ. ನಾವು ಕಿವಿಯಿಂದ ನುಡಿಸೋಣ. ಎಷ್ಟು ಆಪ್ತವಾಗಿ ಕೇಳಿಸುತ್ತದೆ! ಇಬ್ಬರೂ ಒಂದೇ ಜಮಖಾನದ ಮೇಲೆ ಕುಳಿತ ಹಾಗೆ. ನನ್ನ ಗುರುವಾರದ ಫ್ಯಾಕ್ಸ್‌ನಲ್ಲಿದ್ದದ್ದೂ ಈ ‘ನಾವು’. ಇದು ಎಲ್ಲಕ್ಕಿಂತ ಕೆಟ್ಟದ್ದು ಎಂದು ನನಗೆ ಅನಿಸುತ್ತದೆ, ಏಕೆಂದರೆ ಫೋನು ಮಾಡುವವರು ಯಾರು ಎಂಬುದನ್ನು ಇಬ್ಬರೂ ಇನ್ನೊಬ್ಬರ ಮೇಲೆ ಬಿಟ್ಟು ನಿಶ್ಚಿಂತರಾಗಬಹುದು.

ಇದರ ನೆಂಟರಾದ ಬೇರೆ ಇಂಗ್ಲಿಷ್ ಮಾತುಗಳೂ ಇವೆ. ‘ವಿಂಗ್ ಇಟ್’ ಎಂಬುದು ನಾಟಕದ್ದು. ಮಾತು ಬಾಯಿಪಾಠವಾಗದ ನಟ ರಂಗದ ಪಕ್ಕದ ಮರೆಯಲ್ಲಿ ನಿಂತು ಅವಸರದಲ್ಲಿ ಕಲಿತು ಒಳಗೆ ಹೋಗುವುದು. ಅದು ಸಿದ್ಧತೆ ಇಲ್ಲದವನ ಕಥೆ. ‘ಪೆನ್ಸಿಲ್ ಇನ್’ ಎಂಬುದು ಅದಕ್ಕಿಂತ ಪ್ರಾಮಾಣಿಕ. ಅಳಿಸಬಹುದಾದರೂ ಪೆನ್ಸಿಲ್ಲಿನಲ್ಲಿ ಒಂದು ತಾರೀಕು ಬರೆದೇ ಇರುತ್ತದೆ. ಕಿವಿಯ ಮಾತಿನಲ್ಲಿ ತಾರೀಕು ಇಲ್ಲ. ಹಾಗಾದರೆ ಅದರಲ್ಲಿ ಏನಿದೆ ಎಂದು ನಾನು ನಮ್ಮಣ್ಣನನ್ನು ಕೇಳಿದೆ.

ನಮ್ಮಣ್ಣ ಪಿಟೀಲು ನುಡಿಸುತ್ತಾನೆ. ಬ್ಯಾಂಕಿನ ನೌಕರಿಯ ಜೊತೆಗೆ ನಲವತ್ತು ವರ್ಷ ಪಕ್ಕವಾದ್ಯಕ್ಕೆ ಕೂತಿದ್ದಾನೆ. ರಾಮನವಮಿ, ಗಣಪತಿ ಉತ್ಸವ, ದಸರಾ, ಮದುವೆ ಮನೆ. ಗಾಯಕರು ಯಾವ ರಾಗ ಹಾಡುತ್ತಾರೆ ಎಂಬುದು ಅವನಿಗೆ ಬಹಳಷ್ಟು ಸಲ ವೇದಿಕೆಯ ಮೇಲೆ ಕೂತ ಮೇಲೆಯೇ ಗೊತ್ತಾಗುತ್ತದೆ. ಗೊತ್ತಾದರೂ ಆ ರಾಗವನ್ನು ಇವತ್ತು ಹೇಗೆ ಬೆಳೆಸುತ್ತಾರೆ ಎಂಬುದು ಹಾಡುವವರಿಗೇ ಪೂರ್ತಿ ಗೊತ್ತಿರುವುದಿಲ್ಲ. ಆಲಾಪನೆ ಶುರುವಾಗುತ್ತದೆ. ಇವನು ಅರ್ಧ ಹೆಜ್ಜೆ ಹಿಂದೆ, ನೆರಳಿನ ಹಾಗೆ, ಅವರ ಎಳೆಯನ್ನು ಹಿಡಿದು ಹೋಗಬೇಕು. ಅವರು ನಿಲ್ಲಿಸಿದಲ್ಲಿ ಇವನ ಸರದಿ. ಪುಸ್ತಕ ನೋಡುವ ಪ್ರಶ್ನೆಯೇ ಇಲ್ಲ. ಕಿವಿಯಿಂದ ನುಡಿಸುವುದು ಎಂಬ ಮಾತು ಜಗತ್ತಿನಲ್ಲಿ ಎಲ್ಲಿಯಾದರೂ ಅಕ್ಷರಶಃ ನಿಜವಾಗಿದ್ದರೆ ಅದು ಕರ್ನಾಟಕ ಸಂಗೀತದ ಪಿಟೀಲಿನವರ ಜಾಗದಲ್ಲಿ, ಅದೂ ಯುರೋಪಿನಿಂದ ಬಂದ ಒಂದು ವಾದ್ಯದ ಮೇಲೆ.

ನನ್ನ ಫ್ಯಾಕ್ಸಿನ ಕಥೆ ಕೇಳಿ ಅವನು ಸ್ವಲ್ಪ ಹೊತ್ತು ಬಿಲ್ಲಿಗೆ ರಾಳ ಉಜ್ಜುತ್ತಾ ಕುಳಿತ. ಆಮೇಲೆ ಹೇಳಿದ: “ನಾನು ಕಿವಿಯಿಂದ ನುಡಿಸಬೇಕಾದರೆ ಅವರು ಹಾಡಬೇಕಲ್ಲ? ಆ ದಿನ ಅವರು ಹಾಡಲೇ ಇಲ್ಲ.”

ಇದೇ ನಾನು ಹುಡುಕುತ್ತಿದ್ದದ್ದು. ಅಣ್ಣ ಮುಂದುವರಿಸಿ ಹೇಳಿದ್ದು ಇನ್ನೂ ಒಳ್ಳೆಯದು. ಒಳ್ಳೆಯ ಗಾಯಕರು ಮನೋಧರ್ಮದಲ್ಲಿ, ಎಂದರೆ ಆ ಕ್ಷಣಕ್ಕೆ ಹೊಳೆದಂತೆ ಹಾಡುವುದರಲ್ಲಿ, ಎಷ್ಟು ದೂರ ಹೋದರೂ ಪಕ್ಕದವರಿಗೆ ಸುಳಿವು ಕೊಡುತ್ತಾರಂತೆ. ರಾಗದ ಹೆಸರು ಹೇಳದಿದ್ದರೂ ಮೊದಲ ಎರಡು ಸಂಚಾರದಲ್ಲಿಯೇ ಅದರ ಮುಖ ತೋರಿಸುತ್ತಾರೆ. ಉಸಿರು ತೆಗೆದುಕೊಳ್ಳುವಲ್ಲಿ ಬಿಡುವು ಕೊಡುತ್ತಾರೆ. ನೆರವಲಿಗೆ, ಎಂದರೆ ಒಂದೇ ಸಾಲನ್ನು ಬೇರೆ ಬೇರೆ ರೀತಿ ಬೆಳೆಸಿ ಹಾಡಲು, ಸಾಲು ಎತ್ತಿಕೊಂಡಾಗ ತಾಳವನ್ನು ಎಲ್ಲರಿಗೂ ಕಾಣುವ ಹಾಗೆ ತೊಡೆಯ ಮೇಲೆ ಹಾಕುತ್ತಾರೆ. ಹಾಗೆ ಮಾಡದವರೂ ಇದ್ದಾರೆ. ಪಕ್ಕದವರು ಎಡವಲಿ ಎಂದೇ ತಿರುವಿನಲ್ಲಿ ಕತ್ತಲು ಮಾಡುವವರು. “ಅಂಥವರ ಜೊತೆ ನುಡಿಸಿ ಬಂದ ರಾತ್ರಿ ಮಣಿಕಟ್ಟು ನೋಯುವುದಿಲ್ಲ, ಕುತ್ತಿಗೆ ನೋಯುತ್ತದೆ,” ಎಂದ. ಕಿವಿ ಚಾಚಿ ಚಾಚಿ.

ಸ್ವಾತಂತ್ರ್ಯ ಹೆಚ್ಚು ಇರುವವರು ಹೆಚ್ಚು ಕೇಳಿಸಬೇಕು. ಮೈಸೂರಿನ ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಸೇರಿಸಿ ಏಳು ತಂತಿಯದನ್ನು ಮಾಡಿಕೊಂಡದ್ದು, ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ನಾದ ಕೊನೆಯ ಸಾಲಿಗೂ ಮುಟ್ಟಲಿ ಎಂದು. ಮುಂದಿನ ಸಾಲಿನವರಿಗೆ ನಾಲ್ಕು ತಂತಿಯೇ ಸಾಕಾಗುತ್ತಿತ್ತು. ಕೇಳಿಸುವ ಹಾಗೆ ಮಾಡುವುದು ನುಡಿಸುವವರ ಕರ್ತವ್ಯ, ಹಿಂದೆ ಕೂತವರು ಮುಂದೆ ಬಗ್ಗಬೇಕಾದದ್ದಲ್ಲ, ಎಂದು ಅವರು ಒಪ್ಪಿಕೊಂಡಿದ್ದರು ಎಂದು ನಾನು ಅರ್ಥ ಮಾಡಿಕೊಳ್ಳುತ್ತೇನೆ.

ಈಗ ಈ ಮಾತನ್ನು ಕನ್ನಡಕ್ಕೆ ತರುವುದು ಹೇಗೆ? ಪತ್ರಿಕೆಯವರು ‘ಸಂದರ್ಭಕ್ಕೆ ತಕ್ಕಂತೆ’ ಎಂದು ಬರೆಯುತ್ತಾರೆ. ತಪ್ಪಿಲ್ಲ, ಆದರೆ ಕಿವಿ ಬಿದ್ದುಹೋಯಿತು. ನಮ್ಮಲ್ಲಿ ಮೊದಲಿನಿಂದ ಇರುವ ಗಾದೆ ‘ಕಾಲಕ್ಕೆ ತಕ್ಕ ಕೋಲ’. ಅದನ್ನು ಹೊಗಳಿಕೆಯಾಗಿ ಹೇಳುವುದನ್ನು ನಾನು ಕೇಳಿದ್ದು ಕಡಿಮೆ. ಅದರಲ್ಲಿ ವೇಷ ಬದಲಿಸುವವನ ಮೇಲೆ ಒಂದು ಅನುಮಾನ ಇರುತ್ತದೆ. ಗಾಳಿ ಬಂದ ಕಡೆ ತೂರಿಕೊಳ್ಳುವವನು ಎಂದರಂತೂ ಬೈಗುಳ. ಬಾಗುವುದನ್ನು ಇಂಗ್ಲಿಷಿನವರು ಗುಣ ಎಂದು ನೋಡುವಲ್ಲಿ ನಾವು ಮೊದಲು ಕೇಳುವುದು, ಯಾವ ಕಡೆಗೆ ಬಾಗಿದ, ಯಾಕೆ ಬಾಗಿದ ಎಂದು. ಆ ಅನುಮಾನ ನನಗೆ ಇಷ್ಟ. ಅದನ್ನು ಕಳೆದುಕೊಳ್ಳಬಾರದು.

ದಿನಬಳಕೆಯಲ್ಲಿ ನಾವು ಹೇಳುವುದು ‘ನೋಡೋಣ’. ಇಂಗ್ಲಿಷಿಗೆ ಕಿವಿ, ನಮಗೆ ಕಣ್ಣು. ನೋಡೋಣ ಎಂಬುದು ಎಷ್ಟೋ ಸಲ ಇಲ್ಲ ಎನ್ನಲಾರದವರ ಇಲ್ಲ. ಹೆಣ್ಣು ನೋಡಲು ಬಂದವರು ಹೊರಡುವಾಗ ನೋಡೋಣ ಎಂದರೆ ಮನೆಯವರಿಗೆ ಅರ್ಥವಾಗುತ್ತದೆ. ಸಾಲ ಕೇಳಿದವರಿಗೆ ನೋಡೋಣ ಎಂದರೂ ಅರ್ಥವಾಗುತ್ತದೆ. ಹೇಳುವವರ ಮುಖ ಎದುರಿಗೆ ಇರುವುದರಿಂದ ಅದು ನಡೆಯುತ್ತದೆ. ಬರವಣಿಗೆಯಲ್ಲಿ ಮುಖವಿಲ್ಲ. ಬರೆದ ‘ನೋಡೋಣ’ವನ್ನು ಓದುವವರು ತಮ್ಮ ಆಸೆಯ ಮುಖವನ್ನೇ ಅದಕ್ಕೆ ಹಚ್ಚಿಕೊಳ್ಳುತ್ತಾರೆ.

ಆದರೆ ಕನ್ನಡದ ಕಿವಿಯಲ್ಲಿ ಒಂದು ಸಂಪತ್ತಿದೆ. ನಮ್ಮ ‘ಕೇಳು’ ಎಂಬ ಪದ ಎರಡು ಕೆಲಸ ಮಾಡುತ್ತದೆ. ಹಾಡು ಕೇಳು ಎಂದರೆ ಆಲಿಸು. ದಾರಿ ಕೇಳು ಎಂದರೆ ವಿಚಾರಿಸು. ಇಂಗ್ಲಿಷಿನಲ್ಲಿ ಎರಡು ಪದ ಬೇಕಾದ ಜಾಗದಲ್ಲಿ ನಮಗೆ ಒಂದೇ ಸಾಕು. ಕೇಳಿ ಮಾಡು ಎಂದು ಅಮ್ಮ ಹೇಳುತ್ತಿದ್ದಳು. ಅದರಲ್ಲಿ ಕಿವಿಯೂ ಇತ್ತು, ಬಾಯಿಯೂ ಇತ್ತು. ಆ ಇಂಗ್ಲಿಷ್ ನುಡಿಗಟ್ಟಿನಲ್ಲಿ ಕಾಣೆಯಾಗಿರುವುದು ಈ ಎರಡನೆಯ ಅರ್ಧ. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಆ ಹೋಟೆಲಿಗೆ ನಾನೇ ಫೋನು ಮಾಡಿ ಬರುತ್ತೀರಾ ಎಂದು ಕೇಳಬಹುದಿತ್ತು. ನನಗೆ ಆ ಧೈರ್ಯವಿರಲಿಲ್ಲ. ಬೈಯರ್‌ಗೆ ಫೋನು ಮಾಡಿ ಪೀಡಿಸಿದರು ಎಂದಾಗಬಾರದು ಎಂಬ ಹೆದರಿಕೆ. ಅವರೂ ಕೇಳಬಹುದಿತ್ತು, ನಿಮ್ಮಲ್ಲಿ ಯಾರಾದರೂ ಕಾಯುತ್ತಿದ್ದಾರೆಯೇ ಎಂದು. ಅದು ಅವರಿಗೆ ಹೊಳೆಯಲೇ ಇಲ್ಲ. ಕೇಳುವ ಹೆದರಿಕೆ ಇದ್ದ ಕಡೆ ನಾನಿದ್ದೆ, ಕೇಳಬೇಕಾದ ಅಗತ್ಯ ಕಾಣದ ಕಡೆ ಅವರಿದ್ದರು.

ಕೆಲಸದಿಂದ ಬಿಡುವಾದ ಮೇಲೆ ನಾನು ಶನಿವಾರ ಸಂಜೆ ನಮ್ಮ ಬಡಾವಣೆಯಲ್ಲಿ ಹೊಸದಾಗಿ ನೌಕರಿಗೆ ಸೇರಿದ ಹುಡುಗಿಯರಿಗೆ ಪತ್ರ ಬರೆಯುವುದನ್ನು ಹೇಳಿಕೊಡುತ್ತೇನೆ. ಇಂಗ್ಲಿಷ್, ಕನ್ನಡ ಎರಡೂ. ಅಲ್ಲಿ ಒಬ್ಬ ಹುಡುಗಿ ಈ ನುಡಿಗಟ್ಟನ್ನು ಬರೆದಾಗ ಕೊನೆಯ ಪದವನ್ನು ಕಿವಿ ಎಂಬ ಅರ್ಥದ್ದರ ಬದಲು ವರ್ಷ ಎಂಬ ಅರ್ಥದ ಪದದ ಕಾಗುಣಿತದಲ್ಲಿ ಬರೆದಿದ್ದಳು. ಕನ್ನಡ ಲಿಪಿಯಲ್ಲಿ ಎರಡನ್ನೂ ಇಯರ್ ಎಂದೇ ಬರೆಯುತ್ತೇವೆ. ನಮ್ಮ ನಾಲಿಗೆಗೆ ಎರಡೂ ಒಂದೇ. ಇಂಗ್ಲಿಷ್ ಮನೆಮಾತಿನವರು ಕೂಡ ಈ ತಪ್ಪು ಮಾಡುತ್ತಾರೆ. ಬರೆದದ್ದನ್ನು ನೋಡಿ ಕಲಿಯದೆ, ಆಡುವುದನ್ನು ಕೇಳಿ ಕಲಿತವರ ತಪ್ಪು ಅದು. ಕಿವಿಯ ಮಾತನ್ನು ಕಿವಿಯಿಂದಲೇ ಕಲಿತು ಬರೆದದ್ದು.

ನಾನು ತಿದ್ದಲು ಹೊರಟಾಗ ಅವಳು ತನ್ನ ಅರ್ಥವನ್ನು ಹೇಳಿದಳು. ಸಂಬಳ ಹೆಚ್ಚಿಸುವಿರಾ ಎಂದು ಅವಳು ಕೇಳಿದಾಗ ಅವಳ ಮೇಲಿನವರು ಈ ಮಾತನ್ನು ಆಡಿದ್ದರಂತೆ. ವರ್ಷ ವರ್ಷ ನೋಡಿಕೊಂಡು ಮಾಡುತ್ತಾರೆ ಎಂದು ಅವಳು ತಿಳಿದುಕೊಂಡಿದ್ದಳು. ಈ ವರ್ಷ ಇಲ್ಲದಿದ್ದರೆ ಮುಂದಿನ ವರ್ಷ. “ಹಾಗಲ್ಲವೇ ಮೇಡಂ?” ಎಂದಳು. ನಾನು ಸರಿಯಾದ ಅರ್ಥ ಹೇಳಿದೆ. ತಾನು ತಿಳಿದುಕೊಂಡದ್ದರಲ್ಲಿ ಕನಿಷ್ಠ ಒಂದು ವರ್ಷ ಎಂಬ ಗಡುವಾದರೂ ಇತ್ತಲ್ಲ, ನಿಜವಾದ ಅರ್ಥದಲ್ಲಿ ಅದೂ ಇಲ್ಲವಲ್ಲ, ಎಂಬುದು ಅವಳ ಮುಖದಲ್ಲಿ ಕಂಡಿತು. ಅವಳ ಕಾಗುಣಿತಕ್ಕೆ ಕೆಂಪು ಶಾಯಿ ಹಾಕಲು ನನಗೆ ಆ ದಿನ ಕೈ ಬರಲಿಲ್ಲ.

ಅವರಿಗೆ ನಾನು ಕಲಿಸುವುದು ಇಷ್ಟೇ. ಈ ಮಾತನ್ನು ಬರೆಯಬೇಡಿ ಎನ್ನುವುದಿಲ್ಲ. ಮಳೆ ಬರಬಹುದು, ಮಗುವಿಗೆ ಜ್ವರ ಬರಬಹುದು, ಲಾರಿ ತಡವಾಗಬಹುದು. ಎಲ್ಲವನ್ನೂ ಗಟ್ಟಿ ಮಾಡಿ ಬದುಕಲು ಆಗುವುದಿಲ್ಲ. ಬರೆಯಿರಿ, ಆದರೆ ಅದರ ಹಿಂದೆಯೇ ಇನ್ನೊಂದು ವಾಕ್ಯ ಬರೆಯಿರಿ: ಯಾರು, ಯಾವಾಗ ತಿಳಿಸುತ್ತಾರೆ. ಗುರುವಾರ ಬರಲಾಗದಿದ್ದರೆ ಆ ದಿನ ಮಧ್ಯಾಹ್ನ ಎರಡು ಗಂಟೆಯೊಳಗೆ ಫೋನು ಮಾಡುತ್ತೇನೆ. ಆ ಒಂದು ವಾಕ್ಯ ಇದ್ದಿದ್ದರೆ ಹನ್ನೊಂದು ಜನ ಐದೂವರೆಗೆ ಮನೆಗೆ ಹೋಗುತ್ತಿದ್ದರು. ನಿಮಗೇ ಆ ಮಾತು ಬಂದರೆ ಹೆದರದೆ ಕೇಳಿ, ಎಂದೂ ಹೇಳುತ್ತೇನೆ. ಹೇಗೆ ಕೇಳುವುದು ಎಂದು ಇಂಗ್ಲಿಷಿನಲ್ಲಿ ನಾಲ್ಕು ವಿನಯದ ವಾಕ್ಯಗಳನ್ನು ಬರೆಸುತ್ತೇನೆ. ಆ ನಾಲ್ಕು ವಾಕ್ಯಗಳಿಗೆ ಅವರು ಬಹಳ ಹೊತ್ತು ತೆಗೆದುಕೊಳ್ಳುತ್ತಾರೆ. ವ್ಯಾಕರಣಕ್ಕಲ್ಲ, ಧೈರ್ಯಕ್ಕೆ.

ಕನ್ನಡದ ಮಾದರಿ ಕೊಡಬೇಕಾದಾಗ ನನ್ನ ಬಳಿ ಇರುವುದು ಅಮ್ಮನ ನೀಲಿ ಇನ್‌ಲ್ಯಾಂಡ್ ಪತ್ರಗಳು. ನಮ್ಮದು ಕೃಷ್ಣರಾಜನಗರ. ಸೋದರತ್ತೆಯ ಮನೆ ಅರಸೀಕೆರೆ. ಮೈಸೂರಿನಿಂದ ಹೊರಡುವ ರೈಲು ನಮ್ಮೂರು, ಹೊಳೆನರಸೀಪುರ, ಹಾಸನ ದಾಟಿ ಅಲ್ಲಿಗೆ ಹೋಗುತ್ತಿತ್ತು. ಹೊರಡುವುದು ಅಮ್ಮನ ಕೈಯಲ್ಲಿರಲಿಲ್ಲ. ಅಪ್ಪನಿಗೆ ರಜೆ ಸಿಗಬೇಕು, ಹಸು ನೋಡಿಕೊಳ್ಳಲು ಒಬ್ಬರು ಒಪ್ಪಬೇಕು, ನಮ್ಮ ಪರೀಕ್ಷೆ ಮುಗಿಯಬೇಕು. ಅತ್ತೆ ತೀರಿಕೊಂಡ ಮೇಲೆ ಅವರ ಟ್ರಂಕಿನಿಂದ ಆ ಪತ್ರಗಳು ನನಗೆ ಬಂದವು. ಒಂದರಲ್ಲಿ ಅಮ್ಮ ಹೀಗೆ ಬರೆದಿದ್ದಾಳೆ: “ಅನುಕೂಲ ನೋಡಿಕೊಂಡು ಶುಕ್ರವಾರವೋ ಶನಿವಾರವೋ ಬರುತ್ತೇವೆ. ರೈಲು ಸಿಕ್ಕದಿದ್ದರೆ ಬಸ್ಸಿಗೆ ಬರುತ್ತೇವೆ. ಸ್ಟೇಷನ್ನಿಗೆ ಯಾರನ್ನೂ ಕಳಿಸಬೇಡಿ. ನಮ್ಮ ದಾರಿ ಕಾಯಬೇಡಿ, ಊಟ ಮಾಡಿಬಿಡಿ.”

ಐದನೆಯ ತರಗತಿಯವರೆಗೆ ಓದಿದವಳು ಅಮ್ಮ. ಆ ನಾಲ್ಕು ವಾಕ್ಯಗಳನ್ನು ನಾನು ಎಷ್ಟು ಸಲ ಓದಿದ್ದೇನೋ. ತನಗೆ ಸಡಿಲ ಬೇಕು ಎನ್ನುತ್ತಾಳೆ. ಒಡನೆಯೇ ಆ ಸಡಿಲದಿಂದ ಅತ್ತೆಗೆ ಏನೇನು ಕಷ್ಟವಾಗಬಹುದೋ ಒಂದೊಂದನ್ನೂ ನೆನೆದು ಬಿಡಿಸುತ್ತಾಳೆ. ಸ್ಟೇಷನ್ನಿನಲ್ಲಿ ನಿಲ್ಲುವವರು, ಆರುವ ಅನ್ನ, ಬಾಗಿಲಿನ ಕಡೆ ಹೋಗುವ ಕಣ್ಣು. ‘ದಾರಿ ಕಾಯಬೇಡಿ’ ಎಂಬ ಎರಡು ಪದ ಇಂಗ್ಲಿಷಿನ ಆ ನುಡಿಗಟ್ಟಿನ ಪಕ್ಕದಲ್ಲಿ ಬಂದಿದ್ದರೆ ಅದರ ಮೇಲೆ ನನಗೆ ಯಾವ ದೂರೂ ಇರುತ್ತಿರಲಿಲ್ಲ.

ನನ್ನ ಮಗಳು ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾಳೆ. ಅಲ್ಲಿ ಬೇಸಿಗೆಯಲ್ಲಿ ಹೊರಗೆ ಊಟ ಇಟ್ಟುಕೊಂಡರೂ ಮೋಡ ನೋಡಿಕೊಂಡು ಹೊರಡಬೇಕಂತೆ, ಅದಕ್ಕೇ ಎಲ್ಲರ ಬಾಯಲ್ಲೂ ಈ ಮಾತು ಎನ್ನುತ್ತಾಳೆ. ಹೋದ ತಿಂಗಳು ಅವಳ ಸಂದೇಶದಲ್ಲಿಯೂ ಅದು ಬಂತು. ಡಿಸೆಂಬರ್‌ನಲ್ಲಿ ಊರಿಗೆ ಬರುವ ಆಸೆ ಇದೆ, ರಜೆಯ ವಿಷಯ ಇನ್ನೂ ಗೊತ್ತಿಲ್ಲ, ‘ಪ್ಲೇ ಇಟ್ ಬೈ ಇಯರ್’ ಮಾಡೋಣ ಅಮ್ಮ, ಎಂದು. ಓದಿದಾಗ ಎದೆಯೊಳಗೆ ಆ ಹಳೆಯ ಫೋನು ಇನ್ನೊಮ್ಮೆ ಸುಮ್ಮನೆ ಕುಳಿತ ಹಾಗಾಯಿತು. ನಾನು ಬರೆದೆ: “ರಜೆ ಸಿಕ್ಕಾಗ ಬಾ. ನಾನು ದಾರಿ ಕಾಯುವುದಿಲ್ಲ. ಬೀಗದ ಕೈ ಎದುರು ಮನೆಯಲ್ಲಿ ಕೊಟ್ಟಿರುತ್ತೇನೆ.”

ಎರಡು ನಿಮಿಷದಲ್ಲಿ ಫೋನು ಬಂತು. “ಯಾಕಮ್ಮ, ಕೋಪ ಬಂತೇ?” ಅಮ್ಮನ ಪತ್ರದಲ್ಲಿ ಪ್ರೀತಿಯಾಗಿದ್ದ ಮಾತು ನನ್ನ ಮಗಳಿಗೆ ಮುನಿಸಾಗಿ ಕೇಳಿಸಿತ್ತು. ಅಮ್ಮ ಬರೆದದ್ದು ಕಾಯಬೇಡಿ ಎಂದು, ಬರುವವಳಾಗಿ. ನಾನು ಬರೆದದ್ದು ಕಾಯುವುದಿಲ್ಲ ಎಂದು, ಕಾಯುವವಳಾಗಿ. ಮಾತನ್ನು ತಿರುಗಿಸಿಕೊಂಡಿದ್ದು ನನ್ನದೇ ತಪ್ಪು. ಅಜ್ಜಿಯ ಇನ್‌ಲ್ಯಾಂಡ್ ಪತ್ರದ ಫೋಟೋ ತೆಗೆದು ಕಳಿಸಿದೆ. ಅವಳು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಿಲ್ಲ. ಆಮೇಲೆ ಬರೆದಳು: “ನವೆಂಬರ್ 20ರೊಳಗೆ ನಾನೇ ಫೋನು ಮಾಡಿ ಹೇಳುತ್ತೇನೆ. ಅಲ್ಲಿಯವರೆಗೆ ಏನೂ ತಯಾರಿ ಮಾಡಬೇಡ.”

ಅತ್ತೆಯ ಮಗಳು ಒಮ್ಮೆ ನನಗೆ ಹೇಳಿದ್ದಳು, ಅಮ್ಮನ ಅಂಥ ಪತ್ರ ಬಂದ ವಾರ ಅರಸೀಕೆರೆಯಲ್ಲಿ ದಿನವೂ ಎರಡು ಪಾವು ಅಕ್ಕಿ ಹೆಚ್ಚು ಬೀಳುತ್ತಿತ್ತು ಎಂದು. ನಾನೂ ನಿನ್ನೆ ಮಾರುಕಟ್ಟೆಯಲ್ಲಿ ವಿಚಾರಿಸಿದೆ. ಸೊಗಡಿನ ಅವರೆಕಾಯಿ ಡಿಸೆಂಬರ್ ಎರಡನೆಯ ವಾರಕ್ಕೆ ಚೆನ್ನಾಗಿ ಬರುತ್ತದೆಯಂತೆ.